ಮಹಾಗಣಕಗಳ ಮೇಸ್ತ್ರಿಗಳು

ಕಂಪ್ಯೂಟರ್ ಎಂದೊಡನೆ ಮೇಜಿನ ಮೇಲಿನ ಟಿ.ವಿ.ಯಂಥ ಪರದೆ, ಕೀಲಿಮಣೆಗಳೇ ನಮ್ಮ ಕಣ್ಣ ಮುಂದೆ ಬರುತ್ತವೆ. ಆದರೆ ಅಮೆರಿಕ, ಯುರೋಪು, ಜಪಾನ್‌ಗಳ ಅನೇಕ ದೊಡ್ಡ ಬ್ಯಾಂಕುಗಳು, ವಿಮಾ ಕಂಪನಿಗಳು ಹಾಗೂ ಸರ್ಕಾರಿ ಇಲಾಖೆಗಳ ಲೆಕ್ಕಪತ್ರ ಇರುವುದು ಬೀರುವಿನಷ್ಟು ದೊಡ್ಡದಾದ ಬೇರೊಂದು ಯಂತ್ರದಲ್ಲಿ. ಅದೇ ಮೇನ್‌ಫ್ರೇಮ್. ಸಾವಿರಾರು ಜನ ಒಂದೇ ಕ್ಷಣದಲ್ಲಿ ಹಣ ಕೇಳಿದರೂ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಬೆರೆಯದಂತೆ ಅದು ನೋಡಿಕೊಳ್ಳಬೇಕು.

ಈ ಹೊಣೆ ಹೊತ್ತಿರುವುದು ಕಾರ್ಯಾಚರಣಾ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಂ. ದೊಡ್ಡ ರೈಲ್ವೆ ಜಂಕ್ಷನ್ನಿನ ಸ್ಟೇಷನ್ ಮಾಸ್ಟರನ್ನು ನೆನೆಸಿಕೊಳ್ಳಿ. ಯಾವ ಗಾಡಿಗೆ ಯಾವ ಹಳಿ, ಯಾವುದು ಮೊದಲು ಹೋಗಬೇಕು, ಯಾವುದು ಕಾಯಬೇಕು ಎಂದು ತೀರ್ಮಾನಿಸುವವರು ಅವರೇ. ಯಂತ್ರದೊಳಗೆ ಈ ಕೆಲಸ ಮಾಡುವುದು ಕಾರ್ಯಾಚರಣಾ ವ್ಯವಸ್ಥೆ.

1964ರ ಏಪ್ರಿಲ್ 7ರಂದು ಐ.ಬಿ.ಎಂ. ಕಂಪನಿ 'ಸಿಸ್ಟಂ/360' ಎಂಬ ಯಂತ್ರಗಳ ಕುಟುಂಬವನ್ನು ಪ್ರಕಟಿಸಿತು. ಅಲ್ಲಿಯವರೆಗೆ ಒಂದು ಮಾದರಿಗೆ ಬರೆದ ಪ್ರೋಗ್ರಾಂ ಇನ್ನೊಂದರಲ್ಲಿ ನಡೆಯುತ್ತಿದ್ದುದು ಅಪರೂಪ. ಹೊಸ ಕುಟುಂಬದಲ್ಲಿ ಸಣ್ಣ ಯಂತ್ರದಿಂದ ದೊಡ್ಡದಕ್ಕೆ ಹೋದರೂ ಹಳೆಯ ಕೆಲಸ ವ್ಯರ್ಥವಾಗುತ್ತಿರಲಿಲ್ಲ. ಇದಕ್ಕೆ ಬೇಕಾದ 'ಓಎಸ್/360' ಮಾತ್ರ ಹೇಳಿದ ವೇಳೆಗೆ ಮುಗಿಯಲಿಲ್ಲ. ಒಂದು ಹಂತದಲ್ಲಿ ಸಾವಿರಕ್ಕೂ ಹೆಚ್ಚು ಜನ ಅದಕ್ಕಾಗಿ ದುಡಿದರು. ಅದರ ಮುಖ್ಯಸ್ಥರಾಗಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲಿ ಆ ಅನುಭವವನ್ನು ಪುಸ್ತಕವಾಗಿಸಿದರು. ತಡವಾದ ತಂತ್ರಾಂಶಕ್ಕೆ ಜನರನ್ನು ಸೇರಿಸಿದಷ್ಟೂ ಅದು ಇನ್ನಷ್ಟು ತಡವಾಗುತ್ತದೆ ಎಂಬುದು ಅವರು ಕಂಡುಕೊಂಡ ಪಾಠ.

ಆ ಓಎಸ್/360ರ ವಂಶದ ಕುಡಿಯೇ ಇಂದಿನ 'ಝಡ್/ಓಎಸ್'. 1974ರಲ್ಲಿ ಎಂ.ವಿ.ಎಸ್., 1995ರಲ್ಲಿ ಓಎಸ್/390 ಎಂದು ಹೆಸರು ಬದಲಾಗುತ್ತ 2000ದಲ್ಲಿ ಈ ರೂಪ ತಳೆಯಿತು. ಮೊದಲ ಯಂತ್ರಗಳು ಸ್ಮೃತಿಯ ವಿಳಾಸಕ್ಕೆ 24 ಬಿಟ್‌ಗಳನ್ನು ಬಳಸುತ್ತಿದ್ದವು. ಅಂದರೆ 16 ಮೆಗಾಬೈಟ್ ಮಾತ್ರ. ಇಂದಿನದು 64 ಬಿಟ್. ಆದರೂ ಅಂದಿನ 24 ಬಿಟ್‌ನ ಪ್ರೋಗ್ರಾಂಗೂ ಅಲ್ಲಿ ಜಾಗ ಉಂಟು!

ಇವರಲ್ಲದೆ ಬೇರೆ ಮೇಸ್ತ್ರಿಗಳೂ ಇದ್ದಾರೆ. 1972ರ 'ವಿ.ಎಂ./370'ರ ಮುಂದುವರಿಕೆಯಾದ 'ಝಡ್/ವಿ.ಎಂ.' ಒಂದೇ ಯಂತ್ರವನ್ನು ನೂರಾರು ಯಂತ್ರಗಳಂತೆ ತೋರಿಸುತ್ತದೆ. ಪ್ರತಿಯೊಂದು ಬಾಡಿಗೆದಾರನಿಗೂ ಇಡೀ ಮನೆ ತನ್ನದೇ ಎಂಬ ಭಾವನೆ. ವಿಮಾನ ಟಿಕೆಟ್ ಕಾದಿರಿಸುವ ಕೆಲಸಕ್ಕೆಂದು ಹುಟ್ಟಿದ ವ್ಯವಸ್ಥೆಯ ಸಂತತಿ 'ಝಡ್/ಟಿ.ಪಿ.ಎಫ್.'. ಅದು ಬೇರೆ ಉಸಾಬರಿ ಇಟ್ಟುಕೊಳ್ಳದೆ ಸಣ್ಣ ಸಣ್ಣ ವ್ಯವಹಾರಗಳನ್ನು ಅತಿ ವೇಗವಾಗಿ ಮುಗಿಸುತ್ತದೆ. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಕೂಡ 2000ದ ಹೊತ್ತಿಗೆ ಈ ದೈತ್ಯಗಳನ್ನು ಏರಿತು. ಯೂನಿಸಿಸ್ ಕಂಪನಿಯ 'ಎಂ.ಸಿ.ಪಿ.'ಯಂತೂ 1961ರ ಬರೋಸ್ ಯಂತ್ರದ ಕಾಲದಿಂದ ಬಂದದ್ದು.

ಇಷ್ಟು ಹಳೆಯದನ್ನು ಏಕೆ ಇಟ್ಟುಕೊಳ್ಳಬೇಕು? ದಶಕಗಳ ಕಾಲ ತಿದ್ದಿ ತೀಡಿದ ಪ್ರೋಗ್ರಾಂಗಳಲ್ಲಿ ಆ ಸಂಸ್ಥೆಯ ನಿಯಮಗಳೆಲ್ಲ ಅಡಗಿರುತ್ತವೆ. ಹೊಸದಾಗಿ ಬರೆಯುವಾಗ ಒಂದು ತಪ್ಪಾದರೂ ಯಾರದೋ ಪಿಂಚಣಿ ನಿಲ್ಲಬಹುದು.

ನಿಜವಾದ ಕೊರತೆ ಇರುವುದು ಇದನ್ನೆಲ್ಲ ಬಲ್ಲವರದು. 2020ರ ಏಪ್ರಿಲ್‌ನಲ್ಲಿ ಕೊರೊನಾದಿಂದ ಕೆಲಸ ಕಳೆದುಕೊಂಡವರು ಭತ್ಯೆಗಾಗಿ ಮುಗಿಬಿದ್ದಾಗ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಹಳೆಯ ಮೇನ್‌ಫ್ರೇಮ್ ವ್ಯವಸ್ಥೆ ಏದುಸಿರು ಬಿಟ್ಟಿತು. ಕೋಬಾಲ್ ಭಾಷೆ ಬಲ್ಲವರು ನೆರವಿಗೆ ಬನ್ನಿ ಎಂದು ಅಲ್ಲಿನ ಗವರ್ನರ್ ಬಹಿರಂಗವಾಗಿ ಕೇಳಿಕೊಳ್ಳಬೇಕಾಯಿತು. 1990ರ ದಶಕದ ಕೊನೆಯಲ್ಲಿ, 2000ನೇ ಇಸವಿಯ ತಾರೀಕಿನ ತೊಡಕು ಬಿಡಿಸಲು ಬೆಂಗಳೂರಿನ ಅದೆಷ್ಟೋ ತರುಣರು ಇದೇ ಭಾಷೆಯನ್ನು ಕಲಿತು ಬದುಕು ಕಟ್ಟಿಕೊಂಡಿದ್ದರು. ಇಂದು ಅವರ ತಲೆಗೂದಲು ನೆರೆತಿದೆ.

ಐ.ಬಿ.ಎಂ. 2025ರಲ್ಲೂ 'ಝಡ್17' ಎಂಬ ಹೊಸ ಮೇನ್‌ಫ್ರೇಮನ್ನು ಹೊರತಂದಿತು. ಯಂತ್ರಕ್ಕೆ ಮುಪ್ಪು ಬಂದಿಲ್ಲ. ಅದನ್ನು ನಡೆಸುವ ವಿದ್ಯೆ ಮುಂದಿನ ಕೈಗೆ ದಾಟಬೇಕಾಗಿದೆ. ಹೊಸದರ ಹಿಂದೆ ಎಲ್ಲರೂ ಓಡುತ್ತಿರುವಾಗ ಹಳೆಯದನ್ನು ಶ್ರದ್ಧೆಯಿಂದ ಕಲಿತವರಿಗೆ ಕೆಲಸದ ಚಿಂತೆ ಕಡಿಮೆ.