ಕುದುರೆಯ ರಕ್ತ, ಹೆಬ್ಬಾಳದ ಜಾಮ್ ಮತ್ತು ರಿಪೋರ್ಟ್ ಹೇಳದ ನಾಲ್ಕು ಸಂಗತಿ

ಹೋದ ವರ್ಷ ಅಪ್ಪನ ರಕ್ತ ಪರೀಕ್ಷೆಯಲ್ಲಿ ಪೊಟ್ಯಾಷಿಯಂ ವಿಪರೀತ ಜಾಸ್ತಿ ಬಂತು. ನಾವೆಲ್ಲ ಗಾಬರಿ. ಡಾಕ್ಟರ್ ಮಾತ್ರ ಒಂದೇ ಪ್ರಶ್ನೆ ಕೇಳಿದ್ರು: "ಸ್ಯಾಂಪಲ್ ಮನೆಯಲ್ಲಿ ಕೊಟ್ರಾ, ಲ್ಯಾಬ್‌ನಲ್ಲಾ?" ಮನೆಯಲ್ಲೇ ಕೊಟ್ಟಿದ್ದು. ಆರ್.ಟಿ. ನಗರದಿಂದ ಹೊರಟ ಆ ಟ್ಯೂಬು ಮಧ್ಯಾಹ್ನದವರೆಗೆ ಬೈಕಿನ ಬ್ಯಾಗಿನಲ್ಲೇ ಊರು ಸುತ್ತಿತ್ತು. ರಕ್ತಕಣಗಳೊಳಗಿನ ಪೊಟ್ಯಾಷಿಯಂ ಹೊರಗೆ ಸೋರಿತ್ತು, ಅಷ್ಟೇ. ಲ್ಯಾಬ್‌ಗೇ ಹೋಗಿ ಕೊಟ್ಟಾಗ ಎಲ್ಲಾ ನಾರ್ಮಲ್.

ಅಪ್ಪನಿಗೆ "ನಂಗೇನೂ ಆಗಿಲ್ಲ ಕಣೋ" ಅನ್ನೋಕೆ ಬಾಯಿತ್ತು. ಕುದುರೆಗೆ ಇಲ್ಲ. ಅದಕ್ಕೇ ಈ ಲೇಖನ.

ಒಂದು ಹಾರ್ಮೋನ್ ಕರಗುತ್ತೆ, ಇನ್ನೊಂದು ಉಳಿಯುತ್ತೆ

ವಯಸ್ಸಾದ ಕುದುರೆಗಳಿಗೆ ಬರುವ ಒಂದು ಕಾಯಿಲೆಯಿದೆ. ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ಹದ ತಪ್ಪುತ್ತೆ. ಕೂದಲು ಉದ್ದ ಬೆಳೆದು ಉದುರೋದೇ ಇಲ್ಲ, ಸ್ನಾಯು ಕರಗುತ್ತೆ, ಗೊರಸಿನೊಳಗೆ ಉರಿಯೂತವಾಗಿ ಹೆಜ್ಜೆ ಇಡೋದೇ ಹಿಂಸೆಯಾಗುತ್ತೆ. ಇದನ್ನು ಪತ್ತೆ ಮಾಡಲು ರಕ್ತದಲ್ಲಿ ಎಸಿಟಿಎಚ್ ಅನ್ನೋ ಹಾರ್ಮೋನ್ ಅಳೀತಾರೆ. ಅಳತೆ ಪಿಕೋಗ್ರಾಂನಲ್ಲಿ, ಅಂದ್ರೆ ಒಂದು ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಪಾಲು.

ಎಸಿಟಿಎಚ್ ಅಂದ್ರೆ 39 ಅಮೈನೋ ಆಮ್ಲಗಳ ಸರಪಳಿ. ರಕ್ತದಲ್ಲೇ ಇರುವ ಕಿಣ್ವಗಳು ಅದನ್ನು ಕತ್ತರಿಸ್ತಾವೆ. ಬಿಸಿ ಹೆಚ್ಚಿದಷ್ಟೂ ಕತ್ತರಿ ಚುರುಕು. ಸಾದಾ ಗಾಜಿನ ಟ್ಯೂಬಾದ್ರೆ ಗೋಡೆಗೂ ಅಂಟಿಕೊಳ್ಳುತ್ತೆ. ಹಾಗಾಗಿ ಇಡಿಟಿಎ ಇರುವ ಪ್ಲಾಸ್ಟಿಕ್ ಟ್ಯೂಬು ಬೇಕು, ತಕ್ಷಣ ತಂಪಿನಲ್ಲಿಡಬೇಕು, ಕೆಲವೇ ಗಂಟೆಗಳಲ್ಲಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಪ್ಲಾಸ್ಮಾ ಬೇರೆ ಮಾಡಬೇಕು. ಪ್ಲಾಸ್ಮಾವನ್ನು ಫ್ರೀಜ್ ಮಾಡಬಹುದು. ರಕ್ತವನ್ನೇ ಫ್ರೀಜರ್‌ಗೆ ಹಾಕಿದ್ರೆ ಕಣಗಳು ಒಡೆದು ಸ್ಯಾಂಪಲ್ ಕೆಡುತ್ತೆ.

ಕಾರ್ಟಿಸಾಲ್, ಟೆಸ್ಟೋಸ್ಟೆರಾನ್ ಸ್ಟೀರಾಯ್ಡ್‌ಗಳು. ಪುಟ್ಟ, ಗಟ್ಟಿ ಅಣುಗಳು. ಇಷ್ಟು ಬೇಗ ಹಾಳಾಗಲ್ಲ. ಆದ್ರೆ ಅಲ್ಲೂ ಒಂದೇ ನಿಯಮ ಎಲ್ಲಕ್ಕೂ ನಡೆಯಲ್ಲ. ಪ್ರೊಜೆಸ್ಟೆರಾನ್ ನೋಡಿ: ಹಸುವಿನ ರಕ್ತವನ್ನು ಬೇರ್ಪಡಿಸದೆ ಹೊರಗಿಟ್ಟರೆ ಕೆಂಪು ಕಣಗಳೇ ಅದನ್ನು ಬದಲಾಯಿಸಿ ಅಳತೆ ಬೇಗ ಇಳಿಸಿಬಿಡ್ತಾವೆ. ಕುದುರೆಯ ರಕ್ತದಲ್ಲಿ ಹಾಗಾಗಲ್ಲ. ಹಸುವಿಗೆ ಕಲಿತ ಪಾಠ ಕುದುರೆಗೆ ಸಾಲದು, ಕುದುರೆಯ ಪಾಠ ಹಸುವಿಗೆ ಸಾಲದು.

ದಾರಿಯೇ ಪರೀಕ್ಷೆಯ ಭಾಗ

ಈಗ ಇದನ್ನು ನಮ್ಮೂರಿನ ಮ್ಯಾಪ್ ಮೇಲಿಡಿ. ಹೆಬ್ಬಾಳದಲ್ಲಿ 1958ರಿಂದ ಪಶುವೈದ್ಯಕೀಯ ಕಾಲೇಜಿದೆ. ಕುಣಿಗಲ್ ಸ್ಟಡ್ ಫಾರಂನಿಂದ ಅಲ್ಲಿಗೆ 70 ಕಿ.ಮೀ.ಗಿಂತ ಹೆಚ್ಚು ದಾರಿ. ಯಲಹಂಕದಿಂದ ಹೊರಟರೂ ಫ್ಲೈಓವರ್ ಹತ್ರ ಎಷ್ಟೊತ್ತು ನಿಲ್ತೀವಿ ಅಂತ ಯಾರಿಗೂ ಗ್ಯಾರಂಟಿಯಿಲ್ಲ. ಏಪ್ರಿಲ್ ಮಧ್ಯಾಹ್ನ, ಕರಗಿದ ಐಸ್, ಬಿಸಿಲಿಗೆ ನಿಂತ ವ್ಯಾನು.

ಲೆಕ್ಕಕ್ಕೆ ಒಂದು ಉದಾಹರಣೆ. ಕಾಯಿಲೆಯ ಗೆರೆ 50 ಅಂತಿಟ್ಟುಕೊಳ್ಳಿ. ಕುದುರೆಯ ನಿಜವಾದ ಎಸಿಟಿಎಚ್ 60. ದಾರಿಯಲ್ಲಿ ಕಾಲು ಭಾಗ ಕರಗಿತು. ರಿಪೋರ್ಟ್ ಬರೋದು 45 ಅಂತ. ಮಷೀನ್ ತಪ್ಪಿಲ್ಲ, ಟೆಕ್ನಿಷಿಯನ್ ತಪ್ಪಿಲ್ಲ; ನೋವಿರುವ ಕುದುರೆ ಮಾತ್ರ ಕಾಗದದ ಮೇಲೆ ಆರೋಗ್ಯವಾಗಿದೆ. ಸ್ವಂತ ಡಾಕ್ಟರು, ಸ್ವಂತ ಫ್ರಿಜ್ಜು ಇರುವ ಮಾಲೀಕ ಇದರಿಂದ ಪಾರಾಗ್ತಾನೆ. ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆ ಕೊಟ್ಟು ಬದುಕುವವನು ಇನ್ನೊಂದು ಟೆಸ್ಟಿಗೆ ದುಡ್ಡು ಎಲ್ಲಿಂದ ತರ್ತಾನೆ? ಹುಷಾರಾಗಿದೆ ಅಂದ ರಿಪೋರ್ಟ್ ನಂಬಿ ಮರುದಿನ ಅದನ್ನೇ ಡಾಂಬರಿನ ಮೇಲೆ ನಡೆಸ್ತಾನೆ.

'ಎರಡೂ ಒಂದೇ ಹೇಳ್ತಿವೆ' ಅಂದ್ರೆ ಸಾಕಾ?

2017ರಲ್ಲಿ ಬೆಂಗಳೂರು ಟರ್ಫ್ ಕ್ಲಬ್‌ನಲ್ಲಿ ಓಡಿದ್ದ ಕ್ವೀನ್ ಲತೀಫಾ ಎಂಬ ಕುದುರೆಯ ಮೂತ್ರದಲ್ಲಿ ಪ್ರೊಕೇನ್ ಸಿಕ್ಕ ಪ್ರಕರಣ ಸಿಐಡಿವರೆಗೆ ಹೋಗಿದ್ದು ನೆನಪಿರಬಹುದು. ಪ್ರೊಕೇನ್ ಹೊರಗಿನಿಂದ ಬರುವ ಮದ್ದು. ಹಾಗಾಗಿ ಮೊದಲ ಪ್ರಶ್ನೆ: ಇದೆಯಾ, ಇಲ್ವಾ? ಹಾರ್ಮೋನ್ ದೇಹದಲ್ಲೇ ಹುಟ್ಟುತ್ತೆ. ಅಲ್ಲಿ ಪ್ರಶ್ನೆ: ಎಷ್ಟಿದೆ? ಗೆಲ್ಡಿಂಗ್, ಅಂದ್ರೆ ಬೀಜ ತೆಗೆಸಿದ ಗಂಡು ಕುದುರೆಯ ಪ್ಲಾಸ್ಮಾದಲ್ಲಿ ಟೆಸ್ಟೋಸ್ಟೆರಾನ್‌ಗೆ ಅಂತಾರಾಷ್ಟ್ರೀಯ ರೇಸಿಂಗ್ ನಿಯಮ ಹಾಕಿರುವ ಗೆರೆ ಮಿಲಿಲೀಟರಿಗೆ 100 ಪಿಕೋಗ್ರಾಂ. ಎಷ್ಟು ಅನ್ನೋದೇ ತೀರ್ಪಾದಾಗ ಸ್ಯಾಂಪಲ್ ಇಟ್ಟ ಬಗೆಯೂ ಸಾಕ್ಷಿಯ ಭಾಗವಾಗಲೇಬೇಕು.

"ಅದಕ್ಕೇ ತಾನೇ ಎ ಮತ್ತು ಬಿ ಸ್ಯಾಂಪಲ್ ಇರೋದು?" ಅಂತೀರಾ. ಎಂಜಿನಿಯರಿಂಗ್ ಓದಿದ್ರಲ್ಲಿ ನಂಗೆ ಇವತ್ತಿಗೂ ಉಪಯೋಗಕ್ಕೆ ಬರೋ ಪಾಠ ಒಂದಿದೆ: ಒಂದೇ ಬಿಸಿಲಲ್ಲಿ ಕೂತ ಎರಡು ಸೆನ್ಸರ್‌ಗಳು ಒಂದೇ ತಪ್ಪು ಹೇಳ್ತಾವೆ. ಎರಡು ಬಾಟಲಿಗಳೂ ಒಂದೇ ವ್ಯಾನಿನಲ್ಲಿ ಬೆಂದಿದ್ರೆ, ಎರಡರ ಫಲಿತಾಂಶ ಹೊಂದೋದು ಸಹಜ. ಬಿ ಸ್ಯಾಂಪಲ್ ಲ್ಯಾಬಿನ ತಪ್ಪನ್ನು ಹಿಡಿಯಬಹುದು, ದಾರಿಯ ತಪ್ಪನ್ನಲ್ಲ.

ಹಾಗಾದ್ರೆ ಏನು ಮಾಡಬೇಕು? ರಾಕೆಟ್ ವಿಜ್ಞಾನ ಬೇಡ. ಪ್ರತಿ ರಿಪೋರ್ಟಿನಲ್ಲಿ ನಾಲ್ಕು ಸಂಗತಿ ಪ್ರಿಂಟ್ ಆಗಲಿ: ರಕ್ತ ತೆಗೆದ ಸಮಯ, ಯಾವ ಟ್ಯೂಬು, ಪ್ಲಾಸ್ಮಾ ಬೇರೆ ಮಾಡಿದ ಸಮಯ, ದಾರಿಯಲ್ಲಿ ಮುಟ್ಟಿದ ಗರಿಷ್ಠ ತಾಪಮಾನ. ಲಸಿಕೆ ಸಾಗಿಸುವ ಪೆಟ್ಟಿಗೆಯಲ್ಲಿಡುವಂಥ ಪುಟ್ಟ ಡೇಟಾ ಲಾಗರ್ ದಾರಿಯ ತಾಪಮಾನವನ್ನು ಬರೆದಿಡುತ್ತೆ; ಉಳಿದದ್ದನ್ನು ಮನುಷ್ಯರೇ ಬರೆದಿಡಬೇಕು.

ರೇಸ್‌ಕೋರ್ಸ್ ಜಾಗ ಯಾರದ್ದು, ಜಿಎಸ್‌ಟಿ ಎಷ್ಟು ಅಂತ ಜಗಳ ಆಡ್ತೀವಿ, ಆಡಲೇಬೇಕು. ಜೊತೆಗೆ, ಮುಂದಿನ ಸಲ ಡೋಪಿಂಗ್ ಸುದ್ದಿ ಬಂದಾಗ ಎಷ್ಟು ಪಿಕೋಗ್ರಾಂ ಅಂತ ಮಾತ್ರ ಕೇಳ್ಬೇಡಿ. ಆ ಬಾಟಲಿ ಎಷ್ಟು ಹೊತ್ತು, ಎಷ್ಟು ಡಿಗ್ರಿಯಲ್ಲಿ ಇತ್ತು, ಅದನ್ನ ಬರೆದಿಟ್ಟವರು ಯಾರು ಅಂತಾನೂ ಕೇಳಿ.