ಎರಡನೇ ಸಲದ ನೀಟ್: ಅಂಕಪಟ್ಟಿಯ ಜೊತೆ ಊರ ಶಾಲೆಯ ದಾಖಲೆಯನ್ನೂ ತೆಗೆಯಿರಿ

ಜೂನ್ ಬಂತೆಂದರೆ ಡೊಂಬಿವಲಿ, ಕಲ್ಯಾಣ, ಥಾಣೆಯ ಕನ್ನಡಿಗರ ಮನೆಗಳಿಗೆ ಊರಿನಿಂದ ಎರಡು ಬಗೆಯ ಫೋನು ಬರುತ್ತವೆ. ಒಂದು, ಮುಂಬೈಯಲ್ಲಿ ಮಳೆ ಹೇಗಿದೆ, ಲೋಕಲ್ ಟ್ರೈನ್ ಓಡುತ್ತಿದೆಯೇ ಎಂಬುದು. ಇನ್ನೊಂದು, ಮಗಳ ನೀಟ್ ಏನಾಯಿತು ಎಂಬುದು. ಮೊದಲನೆಯದಕ್ಕೆ ಕಿಟಕಿಯಿಂದ ಹೊರಗೆ ನೋಡಿ ಉತ್ತರ ಹೇಳಬಹುದು. ಎರಡನೆಯದಕ್ಕೆ ಬಹಳಷ್ಟು ಮನೆಗಳಲ್ಲಿ ಬರುವ ಉತ್ತರ ವಿಚಿತ್ರವಾಗಿರುತ್ತದೆ: ‘ಪಾಸಾಗಿದ್ದಾಳೆ, ಆದರೆ ಸೀಟು ಸಿಗಲ್ಲ.’

ಊರಿನ ಅಜ್ಜ-ಅಜ್ಜಿಗೆ ಇದು ಅರ್ಥವಾಗುವುದಿಲ್ಲ. ಪಾಸಾದ ಮೇಲೆ ಸೀಟು ಯಾಕಿಲ್ಲ? ಲೆಕ್ಕ ಹೀಗಿದೆ. 2025ರ ಮೇ 4ರಂದು ನಡೆದ ನೀಟ್ ಬರೆದವರು 22 ಲಕ್ಷಕ್ಕೂ ಹೆಚ್ಚು. ಅದರಲ್ಲಿ ‘ಅರ್ಹರು’ ಎನಿಸಿಕೊಂಡವರು 12.36 ಲಕ್ಷ. ಆಗ ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳು ಸುಮಾರು 1.18 ಲಕ್ಷ. ಸರ್ಕಾರಿ ಶುಲ್ಕದಲ್ಲಿ ಓದಬಹುದಾದವು ಅದರ ಅರ್ಧದಷ್ಟು. ಸಾಮಾನ್ಯ ವರ್ಗದಲ್ಲಿ 720ಕ್ಕೆ 144 ಅಂಕ ಬಂದರೂ ಅರ್ಹತೆ ಸಿಕ್ಕಿತು. ಆ ಅರ್ಹತೆ ಕೌನ್ಸೆಲಿಂಗ್‌ನ ಬಾಗಿಲವರೆಗೆ ಕರೆದೊಯ್ಯುತ್ತದೆ, ಒಳಗೆ ಬಿಡುವುದು ರ‍್ಯಾಂಕ್ ಮಾತ್ರ.

ಹಾಗಾಗಿ ಪ್ರತಿ ಜುಲೈನಲ್ಲೂ ಸಾವಿರಾರು ಮನೆಗಳಲ್ಲಿ ಒಂದೇ ಮಾತು: ಇನ್ನೊಂದು ವರ್ಷ ಕೂರೋಣವೇ? ಇಲ್ಲಿನ ಭಾಷೆಯಲ್ಲಿ ‘ಡ್ರಾಪ್’. ಈ ಪ್ರಶ್ನೆಯನ್ನು ನಾನು ಹೊರಗಿನವನಾಗಿ ನೋಡಿಲ್ಲ. ಡೊಂಬಿವಲಿ ಪೂರ್ವದಲ್ಲಿರುವ ನನ್ನ ಅಕ್ಕನ ಮಗಳು 2024ರಲ್ಲಿ ಮೊದಲ ಸಲ ನೀಟ್ ಬರೆದಳು, 2025ರಲ್ಲಿ ಎರಡನೇ ಸಲ. ಐರೋಲಿಯ ಆಫೀಸಿನಿಂದ ವಾಪಸ್ ಬರುವಾಗ ವಾರಕ್ಕೆರಡು ದಿನ ಅಕ್ಕನ ಮನೆಗೆ ಹೋಗಿ ಅವಳ ಜೊತೆ ಫಿಸಿಕ್ಸ್ ಲೆಕ್ಕ ಬಿಡಿಸಿದ್ದೇನೆ. ಆ ಒಂದು ವರ್ಷದಲ್ಲಿ ಕಂಡದ್ದು, ಕೇಳಿದ್ದು ಬೇರೆ ಮನೆಗಳಿಗೂ ಉಪಯೋಗವಾದೀತು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಅಂಕ ಬೇರೆ, ರ‍್ಯಾಂಕ್ ಬೇರೆ

2024ರ ನೀಟ್ ಯಾರೂ ಮರೆಯುವಂಥದ್ದಲ್ಲ. ಜೂನ್ 4ರ ಫಲಿತಾಂಶದಲ್ಲಿ 67 ಮಂದಿಗೆ 720ಕ್ಕೆ 720 ಬಂತು. 1,563 ಅಭ್ಯರ್ಥಿಗಳಿಗೆ ಕೊಟ್ಟ ಕೃಪಾಂಕ ರದ್ದಾಗಿ, ಜೂನ್ 23ರಂದು ಅವರಿಗೆ ಮರುಪರೀಕ್ಷೆ ನಡೆಯಿತು. ಪ್ರಶ್ನೆಪತ್ರಿಕೆ ಸೋರಿಕೆಯ ವಿವಾದ ಸುಪ್ರೀಂ ಕೋರ್ಟ್ ತಲುಪಿತು. ಇಡೀ ಪರೀಕ್ಷೆ ರದ್ದು ಮಾಡಲು ಕೋರ್ಟ್ ಜುಲೈ 23ರಂದು ನಿರಾಕರಿಸಿತು. ಅಷ್ಟರಲ್ಲಿ ಮಕ್ಕಳು ಎರಡು ತಿಂಗಳು ಓದಲೂ ಆಗದೆ, ಓದು ಬಿಡಲೂ ಆಗದೆ ಕಳೆದಿದ್ದರು.

ಮರುವರ್ಷ ಚಿತ್ರವೇ ಬದಲಾಯಿತು. ಐಚ್ಛಿಕ ಪ್ರಶ್ನೆಗಳು ಹೋದವು. 180 ನಿಮಿಷಕ್ಕೆ 180 ಪ್ರಶ್ನೆ, ಎಲ್ಲವೂ ಕಡ್ಡಾಯ. ಫಿಸಿಕ್ಸ್ ಬಹಳ ಕಠಿಣವಾಗಿತ್ತು. ದೇಶಕ್ಕೆ ಮೊದಲ ಸ್ಥಾನ ಬಂದವರ ಅಂಕವೇ 686. 600ಕ್ಕಿಂತ ಹೆಚ್ಚು ಪಡೆದವರು ಸುಮಾರು 1,300 ಮಂದಿ ಮಾತ್ರ. ಹಿಂದಿನ ವರ್ಷ ಅದೇ 600 ಅಂಕದ ಮೇಲೆ ಹತ್ತಾರು ಸಾವಿರ ಮಂದಿ ಇದ್ದರು.

ಜೂನ್ 14ರಂದು ಅಕ್ಕನ ಮಗಳು ಫೋನ್ ಮಾಡಿ, ‘ಮಾಮಾ, ಅಂಕ ಐವತ್ತರ ಮ್ಯಾಲೆ ಕಮ್ಮಿ ಬಂದಾವ, ಆದರ ರ‍್ಯಾಂಕ್ ಭಾಳ ಮುಂದ ಬಂದದ’ ಅಂದಳು. ನಗಬೇಕೋ ಅಳಬೇಕೋ ಅವಳಿಗೇ ಗೊತ್ತಿರಲಿಲ್ಲ. ಊರಿನಲ್ಲಿ ಮಾತ್ರ ‘ಒಂದ್ ವರ್ಷ ಕೂತು ಅಂಕ ಕಮ್ಮಿ ಮಾಡ್ಕೊಂಡ್ಳಂತ’ ಎಂಬ ಸುದ್ದಿ ಹಬ್ಬಿತು. ಮರು ಪ್ರಯತ್ನದ ಮಕ್ಕಳನ್ನು ಹಿಂದಿನ ವರ್ಷದ ಅಂಕದ ಜೊತೆ ಹೋಲಿಸಬೇಡಿ. ಹೋಲಿಸಲೇಬೇಕಿದ್ದರೆ ರ‍್ಯಾಂಕ್ ಜೊತೆ ರ‍್ಯಾಂಕ್ ಹೋಲಿಸಿ.

ಕೂರುವ ಮುನ್ನ ಒಂದು ಸಂಜೆಯ ಕೆಲಸ

ಎಂಟೆಕ್ ಸೇರಲು ನಾನೂ ಗೇಟ್ ಪರೀಕ್ಷೆಯನ್ನು ಎರಡು ಸಲ ಬರೆದವನು. ಆದರೆ ನನ್ನ ಕೈಯಲ್ಲಿ ಆಗ ಕೆಲಸವಿತ್ತು, ತಿಂಗಳಿಗೆ ಸಂಬಳ ಬರುತ್ತಿತ್ತು. ಗೇಟ್ ಅಂಕಕ್ಕೆ ಮೂರು ವರ್ಷ ಬೆಲೆಯಿದೆ. ಭಾರತದ ಕಾಲೇಜುಗಳಿಗೆ ನೀಟ್ ಅಂಕ ಆ ಒಂದು ವರ್ಷಕ್ಕೆ ಮಾತ್ರ. ಹದಿನೆಂಟು ವರ್ಷದ ಮಗುವಿಗೆ ‘ನಾವೂ ಎರಡು ಸಲ ಬರೆದಿಲ್ಲವೇ’ ಎಂದು ನಾವು ಎಂಜಿನಿಯರುಗಳು ಹೇಳುವ ಮೊದಲು ಈ ವ್ಯತ್ಯಾಸ ನೆನಪಿರಬೇಕು.

ಇನ್ನೊಂದು ವರ್ಷ ಕೊಡುವುದೋ ಬೇಡವೋ ಎಂಬುದಕ್ಕೆ ಒಂದು ಆಧಾರ ಬೇಕು. ಆ ಆಧಾರ ಪುಕ್ಕಟೆಯಾಗಿ ಸಿಗುತ್ತದೆ. ಪರೀಕ್ಷೆಯ ನಂತರ ಎನ್‌ಟಿಎ ಪ್ರತಿಯೊಬ್ಬರ ಒಎಂಆರ್ ಹಾಳೆಯ ಪ್ರತಿಯನ್ನೂ ಕೀ ಉತ್ತರಗಳನ್ನೂ ಹಾಕುತ್ತದೆ. ಅವೆರಡನ್ನು ಮುಂದಿಟ್ಟುಕೊಂಡು 180 ಸಾಲಿನ ಒಂದು ಪಟ್ಟಿ ಮಾಡಿ. ಪ್ರತಿ ತಪ್ಪಿನ ಎದುರು ಕಾರಣ ಬರೆಯಿರಿ: ಪಾಠವೇ ಗೊತ್ತಿರಲಿಲ್ಲ, ಗೊತ್ತಿದ್ದೂ ಲೆಕ್ಕ ತಪ್ಪಿತು, ಸಮಯ ಸಾಲಲಿಲ್ಲ, ಸುಮ್ಮನೆ ಊಹಿಸಿದೆ. ಸರಿ ಉತ್ತರಕ್ಕೆ 4, ತಪ್ಪಿಗೆ ಕಳೆಯುವುದು 1. ಊಹಿಸಿ ತಪ್ಪಿದ 30 ಪ್ರಶ್ನೆಗಳನ್ನು ಖಾಲಿ ಬಿಟ್ಟಿದ್ದರೆ 30 ಅಂಕ ಉಳಿಯುತ್ತಿತ್ತು. ಮಧ್ಯದ ಅಂಕಗಳಲ್ಲಿ ಇಷ್ಟಕ್ಕೇ ಸಾವಿರಾರು ಸ್ಥಾನ ಹಿಂದೆಮುಂದೆ ಆಗುತ್ತದೆ.

ಒಟ್ಟು 720ರಲ್ಲಿ ಅರ್ಧ, ಅಂದರೆ 360 ಅಂಕ, ಬಯಾಲಜಿಯದ್ದು. ಅದರಲ್ಲಿ ಗಟ್ಟಿಯಿದ್ದು, ಫಿಸಿಕ್ಸ್‌ನಲ್ಲಿ ಸಮಯ ಸಾಲದೆ ಎಡವಿದ ಮಗುವಿಗೆ ಒಂದು ವರ್ಷ ನಿಜವಾಗಿ ನೆರವಾಗುತ್ತದೆ. ಮೂರೂ ವಿಷಯಗಳಲ್ಲಿ ‘ಪಾಠವೇ ಗೊತ್ತಿರಲಿಲ್ಲ’ ಎಂಬ ಸಾಲುಗಳೇ ತುಂಬಿದ್ದರೆ, ಮತ್ತೆ ಅದೇ ಕ್ಲಾಸಿಗೆ ಲಕ್ಷಗಟ್ಟಲೆ ಕಟ್ಟುವ ಮುನ್ನ ಮಗುವನ್ನೇ ಕೂರಿಸಿ ಕೇಳಬೇಕು: ನಿನಗೆ ಇದು ಬೇಕೇ, ಅಥವಾ ನಮಗೆ ಬೇಕೆಂದು ಹೇಳುತ್ತಿದ್ದೀಯಾ?

ನಿಯಮದ ತೊಂದರೆ ಇಲ್ಲ. ನೀಟ್‌ಗೆ ಎಷ್ಟು ಸಲ ಬೇಕಾದರೂ ಕೂರಬಹುದು. 2022ರಲ್ಲಿ ವಯಸ್ಸಿನ ಮೇಲ್ಮಿತಿಯನ್ನೂ ತೆಗೆದರು. ಪರೀಕ್ಷೆ ಮಿತಿ ಹಾಕುವುದಿಲ್ಲವಾದ್ದರಿಂದ ಮಿತಿಯನ್ನು ಮನೆಯವರೇ ಕೂತು ಗೊತ್ತುಮಾಡಿಕೊಳ್ಳಬೇಕು.

ನಮ್ಮಂಥವರ ನಿಜವಾದ ಗಂಟು

ಹೊರನಾಡಿನಲ್ಲಿರುವ ನಮಗೆ ಅಂಕಕ್ಕಿಂತ ದೊಡ್ಡ ಗಂಟು ಬೇರೆಯಿದೆ: ಮಗು ಯಾವ ರಾಜ್ಯದ್ದು?

ಸರ್ಕಾರಿ ಕಾಲೇಜುಗಳ ಶೇ 15 ಸೀಟು ಅಖಿಲ ಭಾರತ ಕೋಟಾಕ್ಕೆ, ಉಳಿದ ಶೇ 85 ಆಯಾ ರಾಜ್ಯದ ಮಕ್ಕಳಿಗೆ. ಮಹಾರಾಷ್ಟ್ರದ ಶೇ 85ರಲ್ಲಿ ಸೇರಲು ಸಾಮಾನ್ಯವಾಗಿ ಡೊಮಿಸೈಲ್ ಪ್ರಮಾಣಪತ್ರದ ಜೊತೆಗೆ 10 ಮತ್ತು 12, ಎರಡನ್ನೂ ಮಹಾರಾಷ್ಟ್ರದಲ್ಲೇ ಪಾಸಾಗಿರಬೇಕು. ಕರ್ನಾಟಕದಲ್ಲಿ ಮುಖ್ಯ ನಿಯಮ ಬೇರೆ: 1ನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ 7 ವರ್ಷ ಅಲ್ಲಿ ಓದಿರಬೇಕು, ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿಯಲ್ಲಿ ಒಂದನ್ನು ಅಲ್ಲೇ ಪಾಸಾಗಿರಬೇಕು.

ಕಲ್ಯಾಣದಲ್ಲಿ ನಮಗೆ ಪರಿಚಯದ ಒಂದು ಕುಟುಂಬವಿದೆ. ತಂದೆಗೆ ಉಲ್ಲಾಸನಗರದ ಹೋಟೆಲಿನಲ್ಲಿ ಕೆಲಸ. ಮಗ ಹತ್ತನೇ ತರಗತಿಯವರೆಗೆ ಗದಗದಲ್ಲಿ ಅಜ್ಜಿಯ ಮನೆಯಲ್ಲಿದ್ದು ಓದಿದ, ಆಮೇಲೆ 11 ಮತ್ತು 12 ಕಲ್ಯಾಣದಲ್ಲಿ. ಮೊದಲ ವರ್ಷ ಅವರು ಅರ್ಜಿ ಹಾಕಿದ್ದು ಮಹಾರಾಷ್ಟ್ರಕ್ಕೆ ಮಾತ್ರ. ಎಸ್ಸೆಸ್ಸೆಲ್ಸಿ ಗದಗದ್ದು ಎಂಬ ಕಾರಣಕ್ಕೆ ರಾಜ್ಯ ಕೋಟಾ ಸಿಗುವುದಿಲ್ಲ ಎಂದು ದಾಖಲೆ ಪರಿಶೀಲನೆಯ ದಿನ ತಿಳಿಯಿತು. ಅದೇ ಹುಡುಗ ಕರ್ನಾಟಕದ ಏಳು ವರ್ಷದ ನಿಯಮಕ್ಕೆ ಸರಿಯಾಗಿ ಹೊಂದುತ್ತಿದ್ದ. ಮರುವರ್ಷ ಮತ್ತೆ ನೀಟ್ ಬರೆದು, ಗದಗದ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತಂದು, ಬಿಇಒ ಸಹಿ ಮಾಡಿಸಿ ಕೆಇಎಯಲ್ಲೂ ನೋಂದಾಯಿಸಿದರು. ರ‍್ಯಾಂಕ್ ಸ್ವಲ್ಪವೇ ಸುಧಾರಿಸಿತ್ತು. ಈಗ ಅವನು ಉತ್ತರ ಕರ್ನಾಟಕದ ಒಂದು ಸರ್ಕಾರಿ ಕಾಲೇಜಿನ ವಿದ್ಯಾರ್ಥಿ. ಎರಡನೇ ಸಲದಲ್ಲಿ ಅಂಕಕ್ಕಿಂತ ಅರ್ಜಿಯೇ ಹೆಚ್ಚು ಕೆಲಸ ಮಾಡಿತು.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ಕಡೆಯ ಕನ್ನಡ ಕುಟುಂಬಗಳೂ ಥಾಣೆ ಜಿಲ್ಲೆಯಲ್ಲಿ ಬಹಳ ಇವೆ. ಗಡಿನಾಡು ಮತ್ತು ಹೊರನಾಡು ಕನ್ನಡಿಗರಿಗೆ ಕೆಇಎ ನಿಯಮಗಳಲ್ಲಿ ಪ್ರತ್ಯೇಕ ಕಲಮುಗಳಿವೆ, ಅದಕ್ಕೆ ಕನ್ನಡ ಭಾಷಾ ಪರೀಕ್ಷೆಯೂ ಇದೆ. ಆ ವರ್ಷದ ಮಾಹಿತಿ ಪುಸ್ತಕದಲ್ಲಿ ನಿಮಗೆ ಯಾವ ಕಲಮು ಹೊಂದುತ್ತದೆ ಎಂದು ಫಲಿತಾಂಶಕ್ಕೆ ಮೊದಲೇ ನೋಡಿಕೊಳ್ಳಿ. ಭಾಷಾ ಪರೀಕ್ಷೆಯ ದಿನ ಸಾಮಾನ್ಯವಾಗಿ ನೀಟ್‌ಗೂ ಮುಂಚೆಯೇ ಬರುತ್ತದೆ. ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳಿಗೆ ಓದಲು, ಬರೆಯಲು ಬರದಿದ್ದರೆ ಆ ಬಾಗಿಲು ತೆರೆಯುವುದಿಲ್ಲ.

ಮೀಸಲಾತಿಯ ಮಕ್ಕಳು ಇನ್ನೊಂದು ವಿಷಯ ತಿಳಿದಿರಬೇಕು. ಇದು ಮುಂಬೈಯ ವೈದ್ಯಕೀಯ ಸೀಟಿನಿಂದಲೇ ಹುಟ್ಟಿದ ಮೊಕದ್ದಮೆ. ಆಂಧ್ರದ ತೆನಾಲಿಯಲ್ಲಿ ಹುಟ್ಟಿ, ತಂದೆಯ ನೌಕರಿಯಿಂದಾಗಿ ಒಂಬತ್ತನೇ ವಯಸ್ಸಿನಲ್ಲಿ ಮುಂಬೈಗೆ ಬಂದ ಹುಡುಗ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿನಲ್ಲಿ ಪರಿಶಿಷ್ಟ ಪಂಗಡದ ಸೀಟು ಕೇಳಿದ. ಅವನ ಸಮುದಾಯ ಆಂಧ್ರದ ಪಟ್ಟಿಯಲ್ಲಿತ್ತು, ಮಹಾರಾಷ್ಟ್ರದ್ದರಲ್ಲಿ ಇರಲಿಲ್ಲ. ಮರ್ರಿ ಚಂದ್ರಶೇಖರ ರಾವ್ ಪ್ರಕರಣ ಎಂದೇ ಹೆಸರಾದ ಅದರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1990ರಲ್ಲಿ, ಹುಟ್ಟೂರಿನ ರಾಜ್ಯದ ಮೀಸಲಾತಿ ವಲಸೆ ಹೋದ ರಾಜ್ಯಕ್ಕೆ ಜೊತೆಯಲ್ಲಿ ಬರುವುದಿಲ್ಲ ಎಂದು ತೀರ್ಪು ಕೊಟ್ಟಿತು. ಇಂದಿಗೂ ವಿಜಯಪುರ, ಕಲಬುರಗಿಯಿಂದ ಬಂದ ಕುಟುಂಬಗಳ ಮಕ್ಕಳಿಗೆ ತಟ್ಟುವುದು ಇದೇ ತೀರ್ಪು. ಅಖಿಲ ಭಾರತ ಕೋಟಾದಲ್ಲಿ ಕೇಂದ್ರದ ನಮೂನೆಯ ಪ್ರಮಾಣಪತ್ರ ನಡೆಯುತ್ತದೆ. ಅದನ್ನು ಮೊದಲೇ ಮಾಡಿಸಿಡಿ.

ಕೌನ್ಸೆಲಿಂಗ್‌ನ ಬಲೆ

‘ಸುಮ್ಮನೆ ಹಾಕಿ ನೋಡೋಣ, ಬೇಡವಾದರೆ ಬಿಟ್ಟು ಮುಂದಿನ ವರ್ಷ ಬರೆಯೋಣ’ ಎಂಬ ಮಾತು ಬಹಳ ಕೇಳಿಬರುತ್ತದೆ. ಎಚ್ಚರ. ಕೇಂದ್ರದ ಎಂಸಿಸಿ ಕೌನ್ಸೆಲಿಂಗ್‌ನಲ್ಲಿ ಮೊದಲ ಸುತ್ತಿನ ಸೀಟು ಬಿಟ್ಟರೆ ನಷ್ಟವಿಲ್ಲ. ಮುಂದಿನ ಸುತ್ತುಗಳಲ್ಲಿ ಠೇವಣಿ ಹೋಗುತ್ತದೆ. ನೆರೂಳ, ಕಾಮೋಠೆಯಲ್ಲಿರುವಂಥ ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ಆ ಠೇವಣಿಯೇ 2 ಲಕ್ಷ ರೂಪಾಯಿ. ಕೊನೆಯ ಸ್ಟ್ರೇ ಸುತ್ತಿನಲ್ಲಿ ಸೀಟು ಬಂದು ಸೇರದಿದ್ದರೆ ಠೇವಣಿಯ ಜೊತೆ ಮುಂದಿನ ವರ್ಷದ ನೀಟ್ ಬರೆಯುವ ಅವಕಾಶವೂ ಹೋಗುತ್ತದೆ. ಡ್ರಾಪ್ ಎಂದು ಗಟ್ಟಿಮಾಡಿಕೊಂಡವರು ಆ ಸುತ್ತಿಗೆ ಕಾಲಿಡದಿರುವುದೇ ಮೇಲು.

ಸೀಟುಗಳು ಹೆಚ್ಚುತ್ತಿವೆ ಎಂಬುದು ಸಮಾಧಾನದ ಮಾತು. ಕಳವಾದಲ್ಲಿ ಥಾಣೆ ಮಹಾನಗರಪಾಲಿಕೆಯ ರಾಜೀವ್ ಗಾಂಧಿ ವೈದ್ಯಕೀಯ ಕಾಲೇಜು ಮೊದಲಿಂದ ಇದೆ. 2024ರಲ್ಲಿ ಮಹಾರಾಷ್ಟ್ರ ಒಂದೇ ಸಲ ಹತ್ತು ಹೊಸ ಸರ್ಕಾರಿ ಕಾಲೇಜು ಆರಂಭಿಸಿತು. ಅವುಗಳಲ್ಲಿ ಒಟ್ಟು 900 ಸೀಟು. ಒಂದು ಕಲ್ಯಾಣದ ಪಕ್ಕದ ಅಂಬರ್‌ನಾಥಕ್ಕೇ ಬಂದಿದೆ.

ವಿದೇಶದ ದಾರಿ ಹಿಡಿಯುವವರೂ ಇದ್ದಾರೆ. 2022ರ ಮಾರ್ಚ್ 1ರಂದು ಹಾರ್ಕೀವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ ಹಾವೇರಿ ಜಿಲ್ಲೆಯ ನವೀನ್ ಗ್ಯಾನಗೌಡರ್ ಅವರನ್ನು ಕನ್ನಡಿಗರು ಮರೆತಿಲ್ಲ. ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದೂ ಇಲ್ಲಿ ಕೈಗೆಟಕುವ ಸೀಟು ಸಿಗಲಿಲ್ಲವೆಂದು ಹೋದವರು ಅವರು. ಯುದ್ಧದ ಮಾತು ಹಾಗಿರಲಿ, 2021ರ ನಿಯಮದಂತೆ ಕೋರ್ಸ್ ಕನಿಷ್ಠ 54 ತಿಂಗಳದ್ದಾಗಿರಬೇಕು, ಇಂಗ್ಲಿಷ್‌ನಲ್ಲಿರಬೇಕು, ಅಲ್ಲೇ ಒಂದು ವರ್ಷ ಇಂಟರ್ನ್‌ಶಿಪ್ ಆಗಬೇಕು. ವಾಪಸ್ ಬಂದ ಮೇಲೆ ಇಲ್ಲಿನ ಅರ್ಹತಾ ಪರೀಕ್ಷೆ ಪಾಸಾಗಬೇಕು. ಏಜೆಂಟರ ಕರಪತ್ರದಲ್ಲಿ ಇವು ಸಣ್ಣ ಅಕ್ಷರದಲ್ಲೂ ಇರುವುದಿಲ್ಲ.

ಆ ಒಂದು ವರ್ಷ ಮನೆ ಹೇಗಿರಬೇಕು

ಒಂದು ಬಿಎಚ್‌ಕೆ ಮನೆ. ಟಿವಿ ಹಾಲ್‌ನಲ್ಲಿ, ಓದೂ ಹಾಲ್‌ನಲ್ಲಿ. ಅಕ್ಕ ವರ್ಷವಿಡೀ ಟಿವಿ ಹಾಕಲಿಲ್ಲ, ಭಾವ ಮೆಲ್ಲಗೆ ಮಾತಾಡುವುದನ್ನು ಕಲಿತರು. ಆ ನಿಶ್ಶಬ್ದವೇ ಹುಡುಗಿಗೆ ಭಾರವಾಯಿತು. ‘ನನಗಾಗಿ ಎಲ್ಲಾರೂ ಬಾಯಿ ಮುಚ್ಕೊಂಡಾರ ಅನಸ್ತದ’ ಅಂದಳು. ಕೊನೆಗೆ ಸ್ಟೇಷನ್ ಹತ್ತಿರದ ಅಭ್ಯಾಸಿಕೆಯಲ್ಲಿ ತಿಂಗಳ ಬಾಡಿಗೆಗೆ ಒಂದು ಕುರ್ಚಿ ಹಿಡಿದೆವು. ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೋಗಿ ಸಂಜೆ ಬರುವುದು, ಆಫೀಸಿನ ಹಾಗೆ. ಮನೆಯಲ್ಲಿ ಟಿವಿ ಮತ್ತೆ ಹಾಡಿತು, ಅವಳ ಮುಖವೂ ಸ್ವಲ್ಪ ತಿಳಿಯಾಯಿತು.

ಊಟ, ನಿದ್ದೆ ಕೆಟ್ಟರೆ, ಮಗು ಮಾತು ಬಿಟ್ಟರೆ ‘ಪರೀಕ್ಷೆ ಮುಗೀಲಿ’ ಎಂದು ಕಾಯಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಬಹುದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಕನ್ನಡದಲ್ಲೂ ಮಾತಾಡುತ್ತಾರೆ.

ಅಕ್ಕನ ಮಗಳು ಈ ಸಾಲು ಬರೆಯುವ ಹೊತ್ತಿಗೆ ರಾಜ್ಯದ ಸೀಟು ಹಂಚಿಕೆಗೆ ಕಾಯುತ್ತಿದ್ದಾಳೆ. ಸಿಗಬಹುದು, ಸಿಗದಿರಬಹುದು. ಸಿಗದಿದ್ದರೆ ಮೂರನೇ ಸಲ ಇಲ್ಲ, ಬಿಎಸ್ಸಿ ಮೈಕ್ರೊಬಯಾಲಜಿ ಎಂದು ಕಳೆದ ವರ್ಷವೇ ಅವಳೇ ತೀರ್ಮಾನಿಸಿ ಕಾಗದದಲ್ಲಿ ಬರೆದು ಅಕ್ಕನ ಕೈಗೆ ಕೊಟ್ಟಿದ್ದಳು. ಆ ಕಾಗದ ಇದ್ದುದರಿಂದಲೇ ವರ್ಷವಿಡೀ ಮನೆಯಲ್ಲಿ ಜಗಳವಾಗಲಿಲ್ಲ.

ನಮ್ಮ ಕನ್ನಡ ಸಂಘಗಳು ಪ್ರತಿ ವರ್ಷ ಹೆಚ್ಚು ಅಂಕ ಪಡೆದ ಮಕ್ಕಳಿಗೆ ಶಾಲು ಹೊದಿಸುತ್ತವೆ. ಒಳ್ಳೆಯದೇ. ಅದರ ಜೊತೆಗೆ ಜನವರಿಯ ಒಂದು ಭಾನುವಾರ ಎರಡು ತಾಸು, ಎರಡೂ ರಾಜ್ಯಗಳ ಪ್ರವೇಶ ನಿಯಮ ಬಲ್ಲವರೊಬ್ಬರನ್ನು ಕೂರಿಸಿ ಹತ್ತನೇ ಮತ್ತು ಹನ್ನೆರಡನೇ ತರಗತಿಯ ಪೋಷಕರ ದಾಖಲೆ ನೋಡಿಸಿದರೆ ಕಲ್ಯಾಣದ ಆ ಹುಡುಗನಂಥವರಿಗೆ ಒಂದು ವರ್ಷ ಉಳಿಯುತ್ತದೆ. ಸಂಘ ಮಾಡುವವರೆಗೆ ಕಾಯದೆ, ಈ ಸಲ ದಸರೆಗೆ ಊರಿಗೆ ಹೋದವರು ಮಗು ಓದಿದ ಶಾಲೆಗೂ ಒಮ್ಮೆ ಹೋಗಿ ಬನ್ನಿ. ರಜೆ ಶುರುವಾಗುವ ಮುಂಚೆಯೇ ಹೋಗಿ. ಹೆಡ್ ಮಾಸ್ತರರ ಸಹಿಗೆ ಒಂದು ದಿನ, ಬಿಇಒ ಕಚೇರಿಗೆ ಇನ್ನೊಂದು ದಿನ ಇಟ್ಟುಕೊಳ್ಳಿ.