ಋಣ ಚಿಹ್ನೆಯ ಹಿಂದೆ ಅಡಗಿದ ಧನ

'ಇಂದು ನಗದು, ನಾಳೆ ಉದ್ರಿ' ಎಂಬ ಫಲಕವಿಲ್ಲದ ಕಿರಾಣಿ ಅಂಗಡಿ ಒಂದು ಕಾಲದಲ್ಲಿ ಅಪರೂಪವಾಗಿತ್ತು. ಆದರೂ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಉದ್ದನೆಯ ಉದ್ರಿ ಪುಸ್ತಕವೊಂದು ಇದ್ದೇ ಇರುತ್ತಿತ್ತು. ಸಂಬಳ ಬಂದೊಡನೆ ಬಾಕಿ ಚುಕ್ತಾ. ಒಮ್ಮೊಮ್ಮೆ ಚಿಲ್ಲರೆ ಇಲ್ಲದೆ ಗಿರಾಕಿಯ ಹತ್ತು ರೂಪಾಯಿ ಅಂಗಡಿಯಲ್ಲೇ ಉಳಿಯುವುದೂ ಉಂಟು. ಆಗ ಅಂಗಡಿಯವನು ಗಿರಾಕಿಯ ಹೆಸರಿನ ಮುಂದೆ 'ಜಮೆ 10' ಎಂದು ಬರೆದುಕೊಳ್ಳುತ್ತಿದ್ದ. ಆ ಹತ್ತು ರೂಪಾಯಿಯ ಮಟ್ಟಿಗೆ ಸಾಲಗಾರ ಗಿರಾಕಿಯಲ್ಲ, ಅಂಗಡಿಯವನು!

ಇಂದಿನ ಕ್ರೆಡಿಟ್ ಕಾರ್ಡ್ ಅದೇ ಉದ್ರಿ ಪುಸ್ತಕದ ಮತ್ತೊಂದು ರೂಪ. ಆದರೆ ಇಲ್ಲಿ ಜಮೆಯನ್ನು ಗುರುತಿಸುವುದು ಅಷ್ಟು ಸುಲಭವಲ್ಲ. ಕಾರ್ಡಿನ ಬಿಲ್ಲಿನಲ್ಲಿ ಅದು ಮೈನಸ್ ಚಿಹ್ನೆಯ ವೇಷದಲ್ಲಿಯೋ, 'ಸಿಆರ್' ಎಂಬ ಎರಡಕ್ಷರದ ವೇಷದಲ್ಲಿಯೋ ಬಂದು ಕೂರುತ್ತದೆ. ಆ ವೇಷವನ್ನು ಗುರುತಿಸದವರು ಪೇಚಿಗೆ ಸಿಲುಕುತ್ತಾರೆ.

ಒಂದು ಮನೆಯ ಲೆಕ್ಕ

ಉದಾಹರಣೆಗೆ ದಾವಣಗೆರೆಯ ಒಂದು ಮಧ್ಯಮ ವರ್ಗದ ಕುಟುಂಬವನ್ನು ಕಲ್ಪಿಸಿಕೊಳ್ಳಿ. ಮಗ ಎಂಜಿನಿಯರಿಂಗ್ ಕಾಲೇಜು ಸೇರಿದ್ದಾನೆ. ತಂದೆ ಅವನಿಗಾಗಿ 42,000 ರೂಪಾಯಿಯ ಲ್ಯಾಪ್‌ಟಾಪನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡರು. ಬಿಲ್ ಬಂದೊಡನೆ ಪೂರ್ತಿ ಹಣ ಕಟ್ಟಿದರು. ಬಾಕಿ ಸೊನ್ನೆ. ಶೇಕಡಾ 1ರಂತೆ 420 ರೂಪಾಯಿ ಕ್ಯಾಶ್‌ಬ್ಯಾಕ್ ಬಂತು. ಬಾಕಿ ಮೈನಸ್ 420.

ಅಷ್ಟರಲ್ಲಿ ಲ್ಯಾಪ್‌ಟಾಪ್ ಕೆಟ್ಟಿತು. ಅಂಗಡಿಯವರು ಅದನ್ನು ಹಿಂದಕ್ಕೆ ಪಡೆದು 42,000 ರೂಪಾಯಿಯನ್ನು ಕಾರ್ಡಿಗೇ ಮರಳಿಸಿದರು. ಬಾಕಿ ಮೈನಸ್ 42,420 ಆಯಿತು. ವಸ್ತುವೇ ಮರಳಿದ ಮೇಲೆ ಕ್ಯಾಶ್‌ಬ್ಯಾಕ್ ಎಲ್ಲಿಯದು? ಬ್ಯಾಂಕು ಆ 420 ರೂಪಾಯಿಯನ್ನು ಹಿಂದಕ್ಕೆ ಪಡೆಯಿತು. ಉಳಿದದ್ದು ಮೈನಸ್ 42,000. ಅದೇ ತಿಂಗಳು 3,000 ರೂಪಾಯಿಯ ದಿನಸಿ ಕೊಂಡದ್ದರಿಂದ ಬಿಲ್ಲಿನಲ್ಲಿ ಮೈನಸ್ 39,000 ಎಂದು ಅಚ್ಚಾಯಿತು.

ಮೈನಸ್ ಎಂದರೆ ಕೊರತೆ, ಕೊರತೆ ಎಂದರೆ ಸಾಲ ಎಂದುಕೊಂಡ ತಂದೆ ಉಳಿತಾಯ ಖಾತೆಯಿಂದ 39,000 ರೂಪಾಯಿ ತೆಗೆದು ಕಾರ್ಡಿಗೆ ಕಟ್ಟಿಬಿಟ್ಟರು! ಈಗ ಬಾಕಿ ಮೈನಸ್ 78,000. ಮುಂದಿನ ವಾರ ಮಗನ ಹಾಸ್ಟೆಲ್ ಶುಲ್ಕ ಕಟ್ಟಬೇಕು. ಉಳಿತಾಯ ಖಾತೆ ಮಾತ್ರ ಬರಿದಾಗಿದೆ. ಮನೆಯ ಹಣವೆಲ್ಲ ಕಾರ್ಡಿನಲ್ಲಿ ಕುಳಿತಿದೆ, ಆದರೆ ಮನೆಯವರಿಗೆ ಅದು ಗೊತ್ತಿಲ್ಲ.

ಬ್ರಹ್ಮಗುಪ್ತನ ಪಾಠ

ಈ ಗೊಂದಲಕ್ಕೆ ಪರಿಹಾರ ಪ್ರೌಢಶಾಲೆಯ ಗಣಿತ ಪುಸ್ತಕದಲ್ಲಿಯೇ ಇದೆ. ಕನ್ನಡದಲ್ಲಿ ಪ್ಲಸ್ ಸಂಖ್ಯೆಗೆ ಧನ ಸಂಖ್ಯೆ, ಮೈನಸ್ ಸಂಖ್ಯೆಗೆ ಋಣ ಸಂಖ್ಯೆ ಎಂದು ಹೆಸರು. ಧನ ಎಂದರೆ ಸಂಪತ್ತು, ಋಣ ಎಂದರೆ ಸಾಲ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತನು 'ಬ್ರಾಹ್ಮಸ್ಫುಟಸಿದ್ಧಾಂತ'ದಲ್ಲಿ ಈ ಎರಡು ಪದಗಳನ್ನೇ ಬಳಸಿ ಕೂಡುವ, ಕಳೆಯುವ ನಿಯಮಗಳನ್ನು ಹೇಳಿದ್ದಾನೆ. ಸಮನಾದ ಧನವೂ ಋಣವೂ ಕೂಡಿದರೆ ಸೊನ್ನೆ ಎಂಬುದು ಅವುಗಳಲ್ಲೊಂದು. ಬಿಲ್ ಪೂರ್ತಿ ಕಟ್ಟಿದ ದಿನ ಕಾರ್ಡಿನಲ್ಲಿ ಆಗುವುದೂ ಅದೇ.

ಆದರೆ ಒಬ್ಬನ ಋಣ ಇನ್ನೊಬ್ಬನ ಧನ. ಆದ್ದರಿಂದ ಚಿಹ್ನೆಯನ್ನು ನೋಡುವ ಮೊದಲು ಪುಸ್ತಕ ಯಾರದು ಎಂದು ಕೇಳಬೇಕು. ಕಾರ್ಡಿನ ಬಿಲ್ಲು ಲೆಕ್ಕ ಹಾಕುವುದು ಗ್ರಾಹಕ ಬ್ಯಾಂಕಿಗೆ ಎಷ್ಟು ಕೊಡಬೇಕು ಎಂಬುದನ್ನು. ಅಲ್ಲಿ ಪ್ಲಸ್ ಬಂದರೆ ಗ್ರಾಹಕ ಸಾಲಗಾರ. ಮೈನಸ್ ಬಂದರೆ ಬ್ಯಾಂಕೇ ಸಾಲಗಾರ. 'ಸಿಆರ್' ಎಂಬುದು ಕ್ರೆಡಿಟ್ ಪದದ ಸಂಕ್ಷೇಪ. ಕಾರ್ಡಿನ ಹೆಸರಿನಲ್ಲಿ ಕ್ರೆಡಿಟ್ ಎಂದರೆ ಉದ್ರಿ, ಬಿಲ್ಲಿನ ಅಂಕಿಯ ಪಕ್ಕದಲ್ಲಿ ಬಂದಾಗ ಜಮೆ. ಒಂದೇ ಪದಕ್ಕೆ ಎರಡು ಅರ್ಥ!

ಆ ತಂದೆಯ ಲೆಕ್ಕವನ್ನು ತಾಳೆ ನೋಡುವುದೂ ಕಷ್ಟವಲ್ಲ. ಅವರು ಕಾರ್ಡಿಗೆ ಕಟ್ಟಿದ್ದು 42,000 ಮತ್ತು 39,000, ಒಟ್ಟು 81,000. ಕೈಗೆ ಬಂದದ್ದು 3,000 ರೂಪಾಯಿಯ ದಿನಸಿ. ಉಳಿದ 78,000 ಅವರದೇ ಹಣ. ಕಾರ್ಡಿನಲ್ಲಿ ಕುಳಿತ ಹಣಕ್ಕೆ ಸಾಮಾನ್ಯವಾಗಿ ಬಡ್ಡಿ ಇಲ್ಲ. ವರ್ಷಕ್ಕೆ ಶೇಕಡಾ 3ರ ಬಡ್ಡಿ ಎಂದಿಟ್ಟುಕೊಂಡರೂ ಉಳಿತಾಯ ಖಾತೆಯಲ್ಲಿ ಅದಕ್ಕೆ ತಿಂಗಳಿಗೆ 195 ರೂಪಾಯಿ ಬರುತ್ತಿತ್ತು. ಅದೇ ಗ್ರಾಹಕ ಬಾಕಿ ಉಳಿಸಿಕೊಂಡಿದ್ದರೆ ಬ್ಯಾಂಕು ಬಡ್ಡಿ ಬಿಡುತ್ತಿರಲಿಲ್ಲ. 'ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ' ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ.

ಕ್ಯಾಶ್‌ಬ್ಯಾಕ್ ಬರುವುದು ಎಲ್ಲಿಂದ?

ಕ್ಯಾಶ್‌ಬ್ಯಾಕ್ ಹೊಸ ಸಂಗತಿಯೇನಲ್ಲ. ಅಮೆರಿಕದಲ್ಲಿ ಸಿಯರ್ಸ್ ಸಂಸ್ಥೆಯ ಡಿಸ್ಕವರ್ ಕಾರ್ಡ್ 1986ರಲ್ಲಿ ದೇಶದಾದ್ಯಂತ ಬಳಕೆಗೆ ಬಂದಾಗ, ಖರ್ಚು ಮಾಡಿದ ಹಣದಲ್ಲಿ ಒಂದು ಸಣ್ಣ ಪಾಲನ್ನು ಮರಳಿಸುವುದೇ ಅದರ ಆಕರ್ಷಣೆಯಾಗಿತ್ತು.

ಈ ಹಣ ಆಕಾಶದಿಂದ ಉದುರುವುದಿಲ್ಲ. ಗ್ರಾಹಕ ಕಾರ್ಡಿನಲ್ಲಿ ನೂರು ರೂಪಾಯಿ ಕೊಟ್ಟಾಗ ಅಂಗಡಿಯವನಿಗೆ ಪೂರ್ತಿ ನೂರು ಸೇರುವುದಿಲ್ಲ. ಅದರಲ್ಲಿ ಸುಮಾರು ಒಂದೆರಡು ರೂಪಾಯಿ ಶುಲ್ಕವಾಗಿ ಕಡಿತವಾಗುತ್ತದೆ. ಅಂಗಡಿಯವನ ಬ್ಯಾಂಕು, ಕಾರ್ಡ್ ಜಾಲದ ಸಂಸ್ಥೆ, ಕಾರ್ಡ್ ಕೊಟ್ಟ ಬ್ಯಾಂಕು ಇದನ್ನು ಹಂಚಿಕೊಳ್ಳುತ್ತವೆ. ಕಾರ್ಡ್ ಕೊಟ್ಟ ಬ್ಯಾಂಕು ತನ್ನ ಪಾಲಿನಲ್ಲಿ ಒಂದಿಷ್ಟನ್ನು ಗ್ರಾಹಕನಿಗೆ ಮರಳಿಸುತ್ತದೆ.

ಬ್ಯಾಂಕಿನ ಇನ್ನೊಂದು ಆದಾಯ ಬಡ್ಡಿ. ಕಾರ್ಡಿನಲ್ಲಿ 10,000 ರೂಪಾಯಿ ಖರ್ಚು ಮಾಡಿ 100 ರೂಪಾಯಿ ಕ್ಯಾಶ್‌ಬ್ಯಾಕ್ ಪಡೆದ ವ್ಯಕ್ತಿ ಬಿಲ್ ಕಟ್ಟದೆ ಒಂದು ತಿಂಗಳು ಮುಂದೂಡಿದನೆನ್ನಿ. ತಿಂಗಳಿಗೆ ಶೇಕಡಾ 3.5ರಂತೆ ಬಡ್ಡಿ 350, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 63, ಒಟ್ಟು 413 ರೂಪಾಯಿ. ತಡ ಪಾವತಿಯ ಶುಲ್ಕ ಬೇರೆ. ನೂರು ಗಳಿಸಲು ಹೋಗಿ ನಾನೂರು ಕಳೆದುಕೊಂಡಂತೆ!

ಇನ್ನೊಂದು ಎಚ್ಚರಿಕೆ. ಕ್ಯಾಶ್‌ಬ್ಯಾಕ್ ಜಮೆಯಾಗಿದೆ, ಕನಿಷ್ಠ ಪಾವತಿಗೆ ಅದೇ ಸಾಕು ಎಂದು ಸುಮ್ಮನಿರಬಾರದು. ಅದನ್ನು ಪಾವತಿ ಎಂದು ಪರಿಗಣಿಸುವುದಿಲ್ಲ ಎಂದು ಹಲವು ಕಾರ್ಡುಗಳ ಷರತ್ತುಗಳಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತದೆ.

ರಿಸರ್ವ್ ಬ್ಯಾಂಕಿನ ನಿಯಮ

ಜಮೆ ಹಣದ ವಿಷಯದಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್ 21ರಂದು ಸ್ಪಷ್ಟ ನಿರ್ದೇಶನಗಳನ್ನು ಹೊರಡಿಸಿತು. ಅವು ಆ ವರ್ಷದ ಜುಲೈ 1ರಿಂದ ಜಾರಿಗೆ ಬಂದವು.

ಬಿಲ್ ಕಟ್ಟುವ ಮೊದಲೇ, ಗಡುವಿನೊಳಗೆ ವಸ್ತುವಿನ ಹಣ ಮರಳಿ ಬಂದರೆ ಬ್ಯಾಂಕು ಅದನ್ನು ಕೂಡಲೇ ಬಾಕಿಯಿಂದ ಕಳೆದು ಗ್ರಾಹಕನಿಗೆ ತಿಳಿಸಬೇಕು. ಬಿಲ್ ಕಟ್ಟಿದ ಮೇಲೆ ಹಣ ಮರಳಿದರೆ ಒಂದು ಮಿತಿ ಇದೆ. ಕಾರ್ಡಿನ ಸಾಲದ ಮಿತಿಯ ಶೇಕಡಾ 1 ಅಥವಾ 5,000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಒಂದು ಲಕ್ಷದ ಕಾರ್ಡಿಗೆ ಇದು 1,000 ರೂಪಾಯಿ. ಇದನ್ನು ಮೀರಿದ ಹಣವನ್ನು ಕಾರ್ಡಿನಲ್ಲಿಯೇ ಹೊಂದಿಸಿಕೊಳ್ಳಲು ಏಳು ದಿನಗಳೊಳಗೆ ಎಸ್‌ಎಂಎಸ್ ಅಥವಾ ಇ-ಮೇಲ್ ಮೂಲಕ ಗ್ರಾಹಕನ ಒಪ್ಪಿಗೆ ಪಡೆಯಬೇಕು. ಉತ್ತರ ಬಾರದಿದ್ದರೆ ಹಣವನ್ನು ಗ್ರಾಹಕನ ಬ್ಯಾಂಕ್ ಖಾತೆಗೆ ಮರಳಿಸಬೇಕು.

ಅತ್ಯಂತ ಉಪಯುಕ್ತವಾದದ್ದು ಇನ್ನೊಂದು ನಿಯಮ. ಮೊತ್ತ ಎಷ್ಟೇ ಇರಲಿ, ಕಾರ್ಡಿನಲ್ಲಿರುವ ಜಮೆಯನ್ನು ತನ್ನ ಖಾತೆಗೆ ಹಾಕಿ ಎಂದು ಗ್ರಾಹಕ ಕೇಳಿದರೆ ಬ್ಯಾಂಕು ಮೂರು ಕೆಲಸದ ದಿನಗಳಲ್ಲಿ ಹಾಗೆ ಮಾಡಬೇಕು. ಕಾರ್ಡನ್ನು ಮುಚ್ಚಿದಾಗಲೂ ಉಳಿದ ಜಮೆ ಗ್ರಾಹಕನ ಖಾತೆಗೆ ಹೋಗಬೇಕು. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನಗಳಾದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು.

ಬಿಲ್ ಓದುವುದೂ ವಿದ್ಯೆ

ಹಾಗಾದರೆ ಆ ಕುಟುಂಬದ ಲ್ಯಾಪ್‌ಟಾಪ್ ಹಣ ತಾನಾಗಿ ಖಾತೆಗೆ ಏಕೆ ಬರಲಿಲ್ಲ? ಬ್ಯಾಂಕಿನ ಎಸ್‌ಎಂಎಸ್ ಬಂದಾಗ ತಂದೆಯ ಮೊಬೈಲ್ ಮಗನ ಕೈಯಲ್ಲಿತ್ತು. ಅದೇನೋ ಜಾಹೀರಾತು ಎಂದುಕೊಂಡು ಅವನು ಒಪ್ಪಿಗೆ ಎಂದು ಒತ್ತಿಬಿಟ್ಟಿದ್ದ.

ಮಗ ಒಂದು ಸಂಜೆ ಬಿಲ್ಲುಗಳನ್ನೆಲ್ಲ ಹರಡಿಕೊಂಡು, ಕಾಗದದ ಮೇಲೆ ಸಂಖ್ಯಾರೇಖೆ ಎಳೆದು, ಸೊನ್ನೆಯಿಂದ ಎಡಕ್ಕೆ ಬಲಕ್ಕೆ ಹೆಜ್ಜೆ ಎಣಿಸಿದರೆ ಸಾಕು, ಸತ್ಯ ಹೊರಬೀಳುತ್ತದೆ. ಸೋಮವಾರ ಬೆಳಿಗ್ಗೆ ತಂದೆ ಬ್ಯಾಂಕಿಗೆ ನಾಲ್ಕು ಸಾಲಿನ ಕೋರಿಕೆ ಕಳಿಸಿದರೆ ನಿಯಮದ ಪ್ರಕಾರ ಗುರುವಾರದೊಳಗೆ 78,000 ರೂಪಾಯಿ ಉಳಿತಾಯ ಖಾತೆಗೆ ಮರಳಬೇಕು. ಶನಿವಾರದ ಹಾಸ್ಟೆಲ್ ಶುಲ್ಕಕ್ಕೆ ಕೈಸಾಲ ಮಾಡುವ ಅಗತ್ಯವಿಲ್ಲ.

ತಿಂಗಳಿಗೊಮ್ಮೆ ತಂದೆತಾಯಿ ಮಕ್ಕಳೊಡನೆ ಕುಳಿತು ಬಿಲ್ ಓದುವುದು ಒಳ್ಳೆಯ ಅಭ್ಯಾಸ. ಕಟ್ಟಿದ ಹಣ, ಮರಳಿದ ಹಣ, ಕ್ಯಾಶ್‌ಬ್ಯಾಕ್ ಮೂರನ್ನೂ ಬೇರೆ ಬೇರೆ ಗುರುತಿಸಬೇಕು. ಕೊನೆಯ ಅಂಕಿಯ ಮುಂದಿನ ಚಿಹ್ನೆಯನ್ನು ನೋಡಿಯೇ ಹಣ ಕಟ್ಟಬೇಕು. ಪರೀಕ್ಷೆಯಲ್ಲಿ ಚಿಹ್ನೆ ತಪ್ಪಿದರೆ ಹೋಗುವುದು ಒಂದು ಅಂಕ. ಮನೆಯ ಲೆಕ್ಕದಲ್ಲಿ ಚಿಹ್ನೆ ತಪ್ಪಿದರೆ ಹೋಗುವುದು ತಿಂಗಳುಗಟ್ಟಲೆ ಕೂಡಿಟ್ಟ ಹಣ.